ಮಗು ತನಗೆ ಬೇಕಾದ್ದನ್ನೇ ಬರೆಯಲಿ

ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ಹೊಳೆ. ಈ ಚಿತ್ರ ಬರೆಯದೆ ಶಾಲೆ ಮುಗಿಸಿದವರು ನಮ್ಮಲ್ಲಿ ಕಡಿಮೆ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಗಡಿಯೂರು ಬಾಗಲೂರಿನ ಮಗು ದಿನಾ ನೋಡುವುದು ರಾಗಿ ಹೊಲ, ಗುಲಾಬಿ ತೋಟ, ಹೊಸೂರಿನ ಬಸ್ಸು. ಅವು ಅದರ ಹಾಳೆಗೆ ಬರುವುದೇ ಇಲ್ಲ.

ತಪ್ಪು ಕಲ್ಪನೆ: ಬೋರ್ಡಿನ ಮೇಲಿದ್ದುದನ್ನು ನೋಡಿ ಬರೆದರೆ ಕೈ ಪಳಗುತ್ತದೆ.

ಸತ್ಯ: ಕೈ ಅಷ್ಟಿಷ್ಟು ಪಳಗಬಹುದು. ಆದರೆ ಏನು ಬರೆಯಬೇಕು, ಎಲ್ಲಿಂದ ಶುರು ಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ತೀರ್ಮಾನವೆಲ್ಲ ಮೇಷ್ಟ್ರದೇ ಆಗಿರುತ್ತದೆ. ಕಲೆಯ ಮುಖ್ಯ ಕೆಲಸವೇ ಆ ತೀರ್ಮಾನ.

ತಪ್ಪು ಕಲ್ಪನೆ: ಆಯ್ಕೆ ಮಕ್ಕಳಿಗೇ ಬಿಟ್ಟರೆ ತರಗತಿ ಸಂತೆಯಾಗುತ್ತದೆ, ಮೇಷ್ಟ್ರು ಸುಮ್ಮನೆ ಕೂರುತ್ತಾರೆ.

ಸತ್ಯ: ಮೇಷ್ಟ್ರಿಗೆ ಕೆಲಸ ಹೆಚ್ಚೇ ಆಗುತ್ತದೆ. ಜೇಡಿಮಣ್ಣಿಗೊಂದು ಮೂಲೆ, ಬಣ್ಣಕ್ಕೊಂದು, ಕತ್ತರಿ-ಕಾಗದಕ್ಕೊಂದು ಎಂದು ಮೊದಲೇ ಅಣಿಮಾಡಬೇಕು. ಬಳಸಿದ್ದನ್ನು ತೊಳೆದು ಇದ್ದಲ್ಲೇ ಇಡುವ ಕಟ್ಟಳೆ ಬೇಕು. ಐದು ನಿಮಿಷ ಒಂದು ವಿಧಾನ ತೋರಿಸಿ, ಆಮೇಲೆ ಒಬ್ಬೊಬ್ಬರ ಬಳಿ ಹೋಗಿ ‘ಇದೇನು ನಡೀತಿದೆ, ಹೇಳು’ ಎಂದು ಕೇಳಬೇಕು. ಇದು ಹೊಸ ವಿಚಾರವೂ ಅಲ್ಲ. ವಿಯೆನ್ನಾದಲ್ಲಿ ಕಲಾ ಶಿಕ್ಷಕ ಫ್ರಾಂಜ್ ಚಿಜೆಕ್ 1897ರಲ್ಲೇ ಮಕ್ಕಳಿಗಾಗಿ ಇಂಥ ಮುಕ್ತ ಕಲಾ ತರಗತಿ ತೆರೆದರು. ನಮ್ಮ ದೇಶದಲ್ಲಿ ಚಿತ್ರಕಾರ ನಂದಲಾಲ್ ಬೋಸರ ಶಿಷ್ಯ ದೇವಿಪ್ರಸಾದ್ 1944ರಿಂದ ಗಾಂಧೀಜಿಯ ಸೇವಾಗ್ರಾಮದ ಮಕ್ಕಳಿಗೆ ಕಲೆ ಕಲಿಸಿದರು. ಕಲೆಯೇ ಶಿಕ್ಷಣದ ತಳಹದಿ ಎಂದು ವಾದಿಸಿ ಪುಸ್ತಕವನ್ನೂ ಬರೆದರು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ನಡೆಸಿದ ಪ್ರಯೋಗಗಳೂ ಮಕ್ಕಳ ಆಟ, ಕುಣಿತ, ಕುತೂಹಲಗಳನ್ನು ನಂಬಿದ್ದವು.

ತಪ್ಪು ಕಲ್ಪನೆ: ಇದೆಲ್ಲ ದುಡ್ಡಿರುವ ಶಾಲೆಗಳಿಗೆ.

ಸತ್ಯ: 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ನಂದಲಾಲರು ಚಿತ್ರ ಬರೆದದ್ದು ಮಣ್ಣಿನ ಬಣ್ಣಗಳಲ್ಲಿ. ಅಷ್ಟು ದೂರ ಯಾಕೆ, ಇದೇ ಕೃಷ್ಣಗಿರಿ ಜಿಲ್ಲೆಯ ಮಲ್ಲಚಂದ್ರಂನಲ್ಲಿ ಕಲ್ಲುಚಪ್ಪಡಿಯ ಸಮಾಧಿಗಳಾದ ಕಲ್ಮನೆಗಳ ಒಳಗೆ ಪ್ರಾಚೀನರು ಬರೆದ ಚಿತ್ರಗಳಿಗೆ ಸಾಕಾದದ್ದು ಬರಿಯ ಬಿಳಿ ಬಣ್ಣ. ಕೆಮ್ಮಣ್ಣು, ಸುಣ್ಣ, ಇದ್ದಿಲು, ಹಳೆ ಪೇಪರ್ ಯಾವ ಸರ್ಕಾರಿ ಶಾಲೆಗೂ ದುಬಾರಿಯಲ್ಲ. ಅಲ್ಲದೆ, ಮನೆಯಲ್ಲಿ ಕನ್ನಡ ಅಥವಾ ತೆಲುಗು, ಬೀದಿಯಲ್ಲಿ ತಮಿಳು ಆಡುವ ಈ ಗಡಿಯ ಮಕ್ಕಳಿಗೆ ಮಾತಿನ ಹಂಗಿಲ್ಲದ ಅವಧಿ ಚಿತ್ರಕಲೆಯದೊಂದೇ ಇರಬಹುದು.

ತಪ್ಪು ಕಲ್ಪನೆ: ಅಂಕವಿಲ್ಲದ ವಿಷಯಕ್ಕೆ ಸಮಯ ದಂಡ.

ಸತ್ಯ: 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೆ ಕಲೆ ಕಡ್ಡಾಯವಾಗಿರಲಿ ಎಂದೇ ಹೇಳಿತ್ತು.

ಮೇಷ್ಟ್ರೇ, ಟೀಚರೇ, ವಾರಕ್ಕೊಂದು ಅವಧಿಯಾದರೂ ಬೋರ್ಡನ್ನು ಖಾಲಿ ಬಿಡಿ. ಮಗುವಿನ ಹಾಳೆಯ ಮೇಲೆ ನಿಮ್ಮ ಪೆನ್ಸಿಲ್ ಇಡಬೇಡಿ.