ಒಲೆಯ ಗೋಡೆಯೋ, ಹಂಡೆಯ ಬಾಯಿಯೋ?



ಅಡಿಕೆ ಬೇಯಿಸುವ ಕಾಲ ಬಂತೆಂದರೆ ಕಟ್ಟಿಗೆಯದೇ ಚಿಂತೆ. ಹಿಂದೊಂದು ಹಂಗಾಮಿನಲ್ಲಿ ಅಂಕೋಲೆ ಕಡೆಯ ನಮ್ಮ ಒಲೆಗೆ ಇನ್ನೊಂದು ಸುತ್ತು ಇಟ್ಟಿಗೆ ಕಟ್ಟಿಸಿ, ನಡುವೆ ಭತ್ತದ ಹೊಟ್ಟಿನ ಬೂದಿ ತುಂಬಿಸಿದೆವು. ದುಡ್ಡು ಖರ್ಚಾಯಿತು, ಕಟ್ಟಿಗೆ ರಾಶಿ ಮಾತ್ರ ಮೊದಲಿನಂತೆಯೇ ಕರಗಿತು. ಅಳೆಯದೆ ಕಟ್ಟಿಸಿದ್ದು ನಮ್ಮದೇ ತಪ್ಪು.

ಕಾರವಾರ ತಾಲ್ಲೂಕಿನ ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳಿವೆ. ಮೊದಲೆರಡು 2000ದಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ಉಗಿಯಿಂದ ನಡೆಯುವ ಇಂಥ ಸ್ಥಾವರಗಳಲ್ಲಿ ಬಿಸಿ ಕೊಳವೆಗಳಿಗೆ ಶಾಖ ತಡೆಯುವ ಹೊದಿಕೆ ಇರುತ್ತದೆ. ಹೊದಿಕೆ ಬಿಚ್ಚದೆಯೇ ಶಾಖದ ಸೋರಿಕೆಯನ್ನು ಅಂದಾಜು ಮಾಡಬಹುದು. ಬೇಕಾದದ್ದು ಮೂರು: ಹೊರಮೈಯ ಬಿಸಿ, ಗಾಳಿಯ ಬಿಸಿ, ಮೈಯ ವಿಸ್ತೀರ್ಣ. ನಮ್ಮ ಒಲೆಗೂ ಅದೇ ಲೆಕ್ಕ.

ಗಾಳಿ ಬೀಸದ ಜಾಗದಲ್ಲಿ, ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಸೋರುತ್ತದೆ. ಗೋಡೆ 70 ಡಿಗ್ರಿ, ಗಾಳಿ 30 ಡಿಗ್ರಿ, ಗೋಡೆ 2 ಚದರ ಮೀಟರ್ ಎಂದಿಟ್ಟುಕೊಳ್ಳಿ: 800 ವ್ಯಾಟ್. ಐದು ತಾಸಿಗೆ 4 ಯುನಿಟ್. ಅಂದರೆ ಒಂದು ಕಿಲೋ ಒಣ ಕಟ್ಟಿಗೆಯಲ್ಲಿರುವಷ್ಟು ಶಾಖ.

ಈಗ ಹಂಡೆಯ ಬಾಯಿ ನೋಡಿ. ಕುದಿಯುವ ನೀರು ಒಂದು ಲೀಟರ್ ಆವಿಯಾಗಲು ಸುಮಾರು 0.63 ಯುನಿಟ್ ಬೇಕು. ಅದೇ ಅವಧಿಯಲ್ಲಿ 20 ಲೀಟರ್ ಆರಿದರೆ 12.5 ಯುನಿಟ್ ಹೋಯಿತು, ಗೋಡೆಯ ಮೂರು ಪಟ್ಟು! ಇದನ್ನಳೆಯಲು ಯಂತ್ರ ಬೇಡ. ಕೋಲಿಗೆ ಗೀಟು ಹಾಕಿ ನೀರಿನ ಮಟ್ಟ ನೋಡಿ, ಇಳಿದಷ್ಟನ್ನು ಲೀಟರಿನಿಂದ ಅಳೆದು ತುಂಬಿದರೆ ಸಾಕು.

ಗೋಡೆಗೆ ದೂರದಿಂದ ಹಿಡಿಯುವ ಇನ್ಫ್ರಾರೆಡ್ ಥರ್ಮಾಮೀಟರ್ ಅನುಕೂಲ. ಮಣ್ಣಿನ ಗೋಡೆಯ ಮೇಲೆ ಅದು ಸರಿಯಾಗಿಯೇ ತೋರಿಸುತ್ತದೆ. ಹೊಳೆಯುವ ತಾಮ್ರದ ಮೇಲೆ ತೀರ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ಮಸಿ ಹಿಡಿದ ಜಾಗಕ್ಕೇ ಹಿಡಿಯಿರಿ. ಮಧ್ಯಾಹ್ನದ ಕಡಲಗಾಳಿಯಲ್ಲಿ ಅಳೆಯಬೇಡಿ. ಗಾಳಿ ಗೋಡೆಯನ್ನು ತಣಿಸಿ ಲೆಕ್ಕ ಕೆಡಿಸುತ್ತದೆ. ಬೆಳಿಗ್ಗೆ, ಒಲೆ ಚೆನ್ನಾಗಿ ಕಾದ ಮೇಲೆ ನಾಲ್ಕೈದು ಕಡೆ ನೋಡಿ ಸರಾಸರಿ ತೆಗೆಯಿರಿ.

ಹೊಗೆಯೊಡನೆ ಹೋಗುವ ಶಾಖ ಬೇರೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ತಂಡದ ಒಲೆಯಲ್ಲಿ ಮುಚ್ಚಿದ ಉರಿಗೂಡು, ಜಾಲರಿ, ಹೊಗೆಗೊಳವೆ ಇರುವುದು ಇದೇ ಕಾರಣಕ್ಕೆ.

ಆದ್ದರಿಂದ ಮೊದಲು ಹಂಡೆಗೆ ಮುಚ್ಚಳ, ಆಮೇಲೆ ಉರಿಗೂಡಿಗೆ ಬಾಗಿಲು, ಕೊನೆಗೆ ಗೋಡೆ. ಉಕ್ಕುವಾಗ ಮುಚ್ಚಳ ಸರಿಸಿದರಾಯಿತು. ಚೊಗರು ಗಟ್ಟಿ ಮಾಡುವಾಗ ಮಾತ್ರ ಪೂರ್ತಿ ತೆಗೆಯಬೇಕು. ನಮ್ಮ ಹಂಡೆಗೆ ಈಗ ಹಲಗೆಯ ಮುಚ್ಚಳವಿದೆ. ಬೂದಿಯ ಗೋಡೆಗೆ ಸುರಿದ ದುಡ್ಡಿನ ಮುಂದೆ ಅದರ ಖರ್ಚು ಏನೂ ಅಲ್ಲ.