ಗೋಲು ಹೊಡೆಯುವವನ ದುಡಿಮೆ

ಕಾಲ್ಚೆಂಡಾಟವೆಂದರೆ ನಮ್ಮಲ್ಲಿ ಬಹು ಮಂದಿಗೆ ರವಿವಾರದ ಮನರಂಜನೆ. ಅದನ್ನೇ ಹೊಟ್ಟೆಪಾಡಿನ ಕಸುಬಾಗಿ ಹಿಡಿದವರೂ ಇದ್ದಾರೆಂಬುದು ಅಷ್ಟಾಗಿ ಲಕ್ಷ್ಯಕ್ಕೆ ಬರುವುದಿಲ್ಲ. ಆದರೆ ನಮ್ಮ ಸೀವುಡ್ಸಿನಿಂದ ಒಂದು ನಿಲ್ದಾಣ ದಾಟಿದರೆ ನೆರೂಳು, ಅಲ್ಲಿ ಡಿ. ವೈ. ಪಾಟೀಲ ಕ್ರೀಡಾಂಗಣ. ಅಷ್ಟು ಹತ್ತಿರ ದೊಡ್ಡ ಆಟ ನಡೆದ ಮೇಲೆ ಹುಡುಗರ ಮನಸ್ಸು ಅತ್ತ ಓಡುವುದು ಸಹಜ. ವಾಚನಾಲಯಕ್ಕೆ ಬರುವ ತಂದೆಯರು ಕೆಲವರು ಕೇಳುತ್ತಾರೆ: "ಹುಡುಗ ಫುಟ್‌ಬಾಲ್ ಆಡಿಯೇ ಬದುಕುತ್ತೇನೆ ಎನ್ನುತ್ತಾನೆ. ಅದರಲ್ಲಿ ಅನ್ನ ಉಂಟೇ?"

ಇದಕ್ಕೆ ಉಂಟು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನ್ಯಾಯವಲ್ಲ. ನಾವು ಗಿರಣಿಯಲ್ಲಿ ಲೆಕ್ಕ ಬರೆಯುವವರು. ಆದ್ದರಿಂದ ಈ ಕಸುಬಿನ ಜಮಾ ಎಷ್ಟು, ಖರ್ಚು ಎಷ್ಟು ಎಂಬುದನ್ನು ವಾಚಕರ ಮುಂದಿಡುತ್ತೇವೆ. ಉದಾಹರಣೆಗೆ ಗೋಲು ಹೊಡೆಯುವವನನ್ನೇ, ಎಂದರೆ ಸ್ಟ್ರೈಕರನನ್ನೇ, ತೆಗೆದುಕೊಳ್ಳೋಣ.

ತಂಡದ ಹನ್ನೊಂದು ಜನರಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವವನು ಇವನು. ಹಳೆಯ ಪದ್ಧತಿಯಲ್ಲಿ ಮುಂದಿನ ಸಾಲಿನಲ್ಲಿ ಐದು ಮಂದಿ ಇರುತ್ತಿದ್ದರು. ಈಗ ಒಬ್ಬ, ಹೆಚ್ಚೆಂದರೆ ಇಬ್ಬರು. 24 ಅಡಿ ಅಗಲ, 8 ಅಡಿ ಎತ್ತರದ ಚೌಕಟ್ಟಿನೊಳಗೆ ಚೆಂಡನ್ನು ದಾಟಿಸುವುದು ಅವನ ಕೆಲಸ. ಹೇಳುವುದಕ್ಕೆ ಸುಲಭ, ಆದರೆ ದಾರಿಗೆ ಅಡ್ಡಿ ಹಲವು. ಗೋಲ್‌ಕೀಪರ್ ಇದ್ದಾನೆ, ಬ್ಯಾಕುಗಳಿದ್ದಾರೆ, ಸಾಲದ್ದಕ್ಕೆ ಆಫ್‌ಸೈಡ್ ಎಂಬ ನಿಯಮವಿದೆ. ಎದುರಾಳಿಯ ಅರ್ಧದಲ್ಲಿ ತನ್ನ ಕಡೆಯವನು ಚೆಂಡು ಕೊಡುವ ಕ್ಷಣದಲ್ಲಿ, ಚೆಂಡಿಗಿಂತ ಮುಂದೆ ಇರುವ ಆಟಗಾರನ ಮಟ್ಟದಲ್ಲಾಗಲಿ ಅವನಾಚೆ ಗೋಲಿನ ಕಡೆಗಾಗಲಿ ಎದುರು ಪಕ್ಷದ ಇಬ್ಬರಾದರೂ ಇರಬೇಕು. ಇಲ್ಲವಾದರೆ ಸೀಟಿ ಊದುತ್ತದೆ. 1925ರವರೆಗೆ ಹೀಗೆ ಮೂವರು ಇರಬೇಕೆಂದಿತ್ತು. ಆ ವರ್ಷ ಇಬ್ಬರು ಸಾಕೆಂದು ತಿದ್ದಿದರು. ಆದ್ದರಿಂದ ಸ್ಟ್ರೈಕರನು ಒಂದು ಹೆಜ್ಜೆ ಮೊದಲೇ ಓಡಿದರೆ ತಪ್ಪು, ಒಂದು ಹೆಜ್ಜೆ ತಡವಾದರೆ ಚೆಂಡು ಕೈತಪ್ಪಿತು.

ಇನ್ನು ಚೆಂಡು ಸಿಗುವ ಹೊತ್ತಿನ ಲೆಕ್ಕ. ಆಟದ ಅವಧಿ 90 ನಿಮಿಷ. ಚೆಂಡು ಗೆರೆ ದಾಟಿದ ಹೊತ್ತು, ಆಟ ನಿಂತ ಹೊತ್ತು ಕಳೆದರೆ ಉಳಿಯುವುದು ಸಾಮಾನ್ಯವಾಗಿ ಒಂದು ತಾಸಿಗಿಂತ ಕಡಿಮೆ. ಅದನ್ನು 22 ಮಂದಿಗೆ ಹಂಚಿರಿ: ತಲೆಗೆ ಮೂರು ನಿಮಿಷವೂ ಬಾರದು. ಉಳಿದ ಹೊತ್ತೆಲ್ಲ ಓಟ, ತಳ್ಳಾಟ, ಕಾಯುವಿಕೆ. ಮಗ್ಗದವನ ದುಡಿಮೆ ಗಜದ ಲೆಕ್ಕದಲ್ಲಿ ಕಾಣುತ್ತದೆ. ಇವನದು ಗೋಲಾದರೆ ಮಾತ್ರ ಕಾಣುತ್ತದೆ. ನಾಲ್ಕು ಪಂದ್ಯ ಗೋಲಿಲ್ಲದೆ ಹೋದರೆ, ಎಷ್ಟೇ ಓಡಿರಲಿ, ಐದನೆಯ ಪಂದ್ಯಕ್ಕೆ ಬೆಂಚಿನ ಮೇಲೆ ಕುಳಿತಿರುತ್ತಾನೆ.

ಈಗ ಒಬ್ಬನ ಚರಿತ್ರೆ ನೋಡೋಣ. ಸುನಿಲ್ ಛೇತ್ರಿ 1984ರ ಆಗಸ್ಟ್ 3ರಂದು ಸಿಕಂದರಾಬಾದಿನಲ್ಲಿ ಹುಟ್ಟಿದವರು, ಸೇನೆಯಲ್ಲಿದ್ದವರ ಮಗ. ಹುಟ್ಟಿನಿಂದ ಕನ್ನಡಿಗರಲ್ಲದಿದ್ದರೂ ಬೆಂಗಳೂರಿನವರು ಅವರನ್ನು ತಮ್ಮವರೆಂದೇ ಎಣಿಸಿದರು. 2002ರಲ್ಲಿ, ಹದಿನೇಳು ಹದಿನೆಂಟರ ಪ್ರಾಯದಲ್ಲಿ, ಕಲಕತ್ತೆಯ ಮೋಹನ್ ಬಗಾನ್ ಕ್ಲಬ್ಬು ಸೇರಿದರು. ಅಲ್ಲಿಂದ 2005ರಲ್ಲಿ ಪಂಜಾಬಿನ ಜೆ.ಸಿ.ಟಿ., 2008ರಲ್ಲಿ ಈಸ್ಟ್ ಬೆಂಗಾಲ್, 2009ರಲ್ಲಿ ಗೋವೆಯ ಡೆಂಪೊ, 2010ರಲ್ಲಿ ಅಮೇರಿಕೆಯ ಕನ್ಸಾಸ್ ಸಿಟಿ, ಬಳಿಕ ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಗಾನ್, 2012ರಲ್ಲಿ ಪೋರ್ತುಗಾಲದ ಸ್ಪೋರ್ಟಿಂಗ್, 2013ರಲ್ಲಿ ಗೋವೆಯ ಚರ್ಚಿಲ್ ಬ್ರದರ್ಸ್. ಹನ್ನೊಂದು ವರ್ಷಗಳಲ್ಲಿ ಎಂಟು ಕ್ಲಬ್ಬು! ಖೋಲಿ ಬದಲಿಸಿ ಬದಲಿಸಿ ಸೋತ ನಮ್ಮ ಮಂದಿಗೆ ಇದರ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರದೇಶದಲ್ಲಿ ಅವರಿಗೆ ಬಾಗಿಲು ಸರಾಗವಾಗಿ ತೆರೆಯಲಿಲ್ಲವೆಂಬುದನ್ನೂ ಗಮನಿಸಬೇಕು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಆದರೆ ಭಾರತ ತಂಡ ಜಗತ್ತಿನ ಮೊದಲ 70 ತಂಡಗಳೊಳಗೆ ಇಲ್ಲವೆಂದು ಕೆಲಸದ ಪರವಾನಗಿ ಸಿಗಲಿಲ್ಲ. ಕನ್ಸಾಸ್ ಸಿಟಿಯಲ್ಲಿ ಒಂದೇ ಒಂದು ಲೀಗ್ ಪಂದ್ಯಕ್ಕೂ ಇಳಿಸಲಿಲ್ಲ. ಪೋರ್ತುಗಾಲದಲ್ಲಿ ಎರಡನೆಯ ತಂಡದ ಕೆಲವೇ ಪಂದ್ಯ. ಆ ಹೊತ್ತಿಗೆ ಅವರು ದೇಶಕ್ಕೆ ಹೆಸರು ತಂದಿರಲಿಲ್ಲವೆಂದಲ್ಲ. 2008ರ ಆಗಸ್ಟಿನಲ್ಲಿ ದಿಲ್ಲಿಯಲ್ಲಿ ತಜಿಕಿಸ್ತಾನದ ಮೇಲೆ ಮೂರು ಗೋಲು ಹೊಡೆದು, 27 ವರ್ಷಗಳ ನಂತರ ಭಾರತಕ್ಕೆ ಏಷ್ಯಾ ಕಪ್ಪಿನಲ್ಲಿ ಸ್ಥಾನ ದೊರಕುವಂತೆ ಮಾಡಿದ್ದರು.

2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಹೊಸ ಕ್ಲಬ್ಬು ಹುಟ್ಟಿತು. ಛೇತ್ರಿಯವರು ಅದರ ನಾಯಕರಾದರು. ಮೊದಲನೆಯ ವರ್ಷವೇ ಅದು ಐ-ಲೀಗ್ ಗೆದ್ದಿತು, 2016ರಲ್ಲಿ ಮತ್ತೊಮ್ಮೆ. 2019ರ ಮಾರ್ಚ್ 17ರಂದು ಮುಂಬಯಿಯ ಅಂಧೇರಿಯಲ್ಲಿಯೇ ಗೋವೆಯನ್ನು ಸೋಲಿಸಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು.

ನಡುವೆ 2015ರಲ್ಲಿ ನಡೆದ ಸಂಗತಿ ನಮ್ಮ ನವಿ ಮುಂಬಯಿಗೆ ಸೇರಿದ್ದು. ಆಗ ಸೂಪರ್ ಲೀಗು ಅಕ್ಟೋಬರಿನಿಂದ ಡಿಸೆಂಬರಿನವರೆಗೆ ನಡೆಯುತ್ತಿತ್ತು. ಬೆಂಗಳೂರು ಅದರಲ್ಲಿ ಇರಲಿಲ್ಲ. ಆದ್ದರಿಂದ ಆಟಗಾರರನ್ನು ಹರಾಜಿಗಿಟ್ಟರು. ಮುಂಬಯಿ ಸಿಟಿ ತಂಡ 1 ಕೋಟಿ 20 ಲಕ್ಷಕ್ಕೆ ಕೂಗಿ ಛೇತ್ರಿಯವರನ್ನು ಎರವಲು ತಂದಿತು. ವಾಚನಾಲಯದ ಪುಸ್ತಕ ಎರವಲು ಹೋದ ಹಾಗೆ: ಓದುವವರು ಬೇರೆ, ಮುದ್ರೆ ಮಾತ್ರ ಮೂಲದವರದು. ಅದೇ ಅಕ್ಟೋಬರ್ 28ರಂದು ನೆರೂಳಿನಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತಂಡದ ಮೇಲೆ ಅವರು ಮೂರು ಗೋಲು ಹೊಡೆದರು. ಸೂಪರ್ ಲೀಗಿನಲ್ಲಿ ಭಾರತೀಯನೊಬ್ಬ ಹೊಡೆದ ಮೊದಲ ಹ್ಯಾಟ್ರಿಕ್ ಅದು. ಒಂಬತ್ತು ವರ್ಷಗಳ ಮೇಲೆ, 2024ರ ಡಿಸೆಂಬರ್ 7ರಂದು ಕಂಠೀರವ ಕ್ರೀಡಾಂಗಣದಲ್ಲಿ, ಕೇರಳದ ಮೇಲೆ ಮತ್ತೆ ಮೂರು ಗೋಲು. ಆಗ ಅವರಿಗೆ ವಯಸ್ಸು 40!

ಭಾರತದ ಪರವಾಗಿ 2005ರ ಜೂನ್ 12ರಂದು ಕ್ವೆಟ್ಟಾದಲ್ಲಿ ಪಾಕಿಸ್ತಾನದ ಎದುರು ಮೊದಲ ಪಂದ್ಯ, ಅದರಲ್ಲೇ ಮೊದಲ ಗೋಲು. 2024ರ ಜೂನ್ 6ರಂದು ಕಲಕತ್ತೆಯಲ್ಲಿ ವಿದಾಯ ಹೇಳುವಾಗ 151 ಪಂದ್ಯ, 94 ಗೋಲು. ದೇಶದ ಪರವಾಗಿ ಅದಕ್ಕಿಂತ ಹೆಚ್ಚು ಹೊಡೆದವರು ಆ ದಿನಕ್ಕೆ ಮೂವರೇ: ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ. ಮರುವರ್ಷ ಮಾರ್ಚಿನಲ್ಲಿ ಮತ್ತೆ ಕರೆ ಬಂದು, ಶಿಲ್ಲಾಂಗಿನಲ್ಲಿ ಮಾಲ್ದೀವ್ಸ್ ಮೇಲೆ 95ನೆಯ ಗೋಲನ್ನೂ ಹೊಡೆದರು.

ಇಷ್ಟು ಜಮೆಯ ಬದಿ. ಹುಡುಗರು ಓದುವುದು ಈ ಬದಿಯನ್ನೇ. ಖರ್ಚಿನ ಬದಿಯನ್ನು ಹಿರಿಯರು ಓದಬೇಕು.

ಹಿಂದೆ ಆಟಗಾರನಿಗೆ ಆಸರೆಯಾಗಿದ್ದುದು ನೌಕರಿ. ಗಿರಣಿಗಳು, ಎಣ್ಣೆ ಕಂಪನಿಗಳು, ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ತಂಡ ಕಟ್ಟಿ ಆಟಗಾರರಿಗೆ ಕೆಲಸ ಕೊಡುತ್ತಿದ್ದವು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯದ ಮೇಲೆ ಮೂರು ಗೋಲು ಹೊಡೆದ ನೆವಿಲ್ ಡಿಸೋಜಾ ಮುಂಬಯಿಯ ಟಾಟಾ, ಕಾಲ್ಟೆಕ್ಸ್ ತಂಡಗಳ ಆಟಗಾರ. ಅಂಥ ಕಡೆ ಗೋಲಿನ ಹಸಿವು ಇಂಗಿದರೂ ಮೇಜು ಕುರ್ಚಿ ಉಳಿಯುತ್ತಿತ್ತು. ಈಗಿನ ಕ್ಲಬ್ಬಿನಲ್ಲಿ ಹಾಗಿಲ್ಲ. ಪಗಾರ ದೊಡ್ಡದು, ಆದರೆ ಕರಾರಿನ ಕೊನೆಯ ದಿನಕ್ಕೆ ಅದೂ ಕೊನೆ.

ಆಟಗಾರ ಗಟ್ಟಿಯಾಗಿದ್ದರೂ ಕ್ಲಬ್ಬೇ ಗಟ್ಟಿಯಾಗಿರದೆ ಹೋಗಬಹುದು. ಛೇತ್ರಿಯವರು ಮೂರು ವರ್ಷ ಆಡಿದ ಜೆ.ಸಿ.ಟಿ., ಫಗ್ವಾಡದ ಒಂದು ಬಟ್ಟೆ ಗಿರಣಿಯ ತಂಡ. 1971ರಲ್ಲಿ ಹುಟ್ಟಿ, 1997ರಲ್ಲಿ ಮೊತ್ತಮೊದಲ ರಾಷ್ಟ್ರೀಯ ಲೀಗನ್ನು ಗೆದ್ದದ್ದು. 2011ರಲ್ಲಿ ಅದನ್ನು ಮುಚ್ಚಿದರು. ಅದಕ್ಕೆ ಒಂದು ವರ್ಷ ಮೊದಲು, 2006ರ ಲೀಗನ್ನು ಗೆದ್ದಿದ್ದ ಮುಂಬಯಿಯ ಮಹೀಂದ್ರ ಯುನೈಟೆಡ್ಡೂ ಬಾಗಿಲು ಹಾಕಿತ್ತು. ಗಿರಣಿಯ ಭೋಂಗಾ ನಿಂತ ಮರುದಿನದ ಮುಂಜಾವು ಹೇಗಿರುತ್ತದೆಂಬುದು ಮುಂಬಯಿಯ ಕೆಲಸಗಾರನಿಗೆ ಗೊತ್ತು. ಆಟಗಾರನಿಗೂ ಅದೇ ಮುಂಜಾವು. ಇದು ಹಳೆಯ ಕತೆಯೆಂದು ತಿಳಿಯಬಾರದು. 2025ರ ಆಗಸ್ಟಿನಲ್ಲಿ ಸೂಪರ್ ಲೀಗು ಮುಂದೆ ನಡೆಯುವುದೋ ಇಲ್ಲವೋ ಎಂಬುದು ತಿಳಿಯದಾದಾಗ, ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಪಗಾರವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು.

ಎರಡನೆಯದು ಶರೀರ. ನಾವು 58 ಅಥವಾ 60ಕ್ಕೆ ನಿವೃತ್ತರಾಗುತ್ತೇವೆ. ಆಟಗಾರರಲ್ಲಿ ಬಹುಪಾಲು ಮಂದಿ 35ರೊಳಗೆ ಬೂಟು ಬಿಚ್ಚುತ್ತಾರೆ. ಮಂಡಿ ತಿರುಚಿದರೆ ಇನ್ನೂ ಮೊದಲೇ. ನಲವತ್ತರಲ್ಲಿ ಗೋಲು ಹೊಡೆದ ಛೇತ್ರಿ ನಿಯಮವಲ್ಲ, ಅಪವಾದ. ಮೂರನೆಯದು ಹೆಸರು. 2023ರ ಮಾರ್ಚ್ 4ರಂದು ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ತಂಡ ಸಂತೋಷ್ ಟ್ರೋಫಿ ಗೆದ್ದಿತು. ಮೈಸೂರು ರಾಜ್ಯವೆಂಬ ಹೆಸರಿದ್ದಾಗ 1969ರಲ್ಲಿ ಗೆದ್ದದ್ದನ್ನು ಬಿಟ್ಟರೆ, 54 ವರ್ಷಗಳಲ್ಲಿ ಅದೇ ಮೊದಲು. ಆ ತಂಡದಲ್ಲಿ ಮೂವರ ಹೆಸರು ಹೇಳಬಲ್ಲವರು ನಮ್ಮಲ್ಲಿ ಎಷ್ಟು ಮಂದಿ ಇದ್ದಾರೆ? ಕಸುಬಿನ ಬಹುಪಾಲು ಜನ ಇರುವುದು ಅಲ್ಲಿಯೇ.

ಹಾಗಾದರೆ ಹುಡುಗನಿಗೆ ಬೇಡವೆನ್ನಬೇಕೇ? ಬೇಡವೆನ್ನಬಾರದು, ಕಣ್ಣು ತೆರೆದು ಕಳಿಸಬೇಕು. ಕೆಲವು ನಿಯಮಗಳನ್ನು ತಂದೆತಾಯಿಗಳು ತಿಳಿದಿರುವುದು ಒಳ್ಳೆಯದು. ಜಾಗತಿಕ ಸಂಸ್ಥೆಯಾದ ಫಿಫಾದ ನಿಯಮದಂತೆ ವೃತ್ತಿ ಆಟಗಾರನ ಕರಾರು ಬರಹದಲ್ಲಿರಬೇಕು. ಅದರ ಅವಧಿ ಸಾಮಾನ್ಯವಾಗಿ ಐದು ವರ್ಷ ಮೀರಬಾರದು. 18 ತುಂಬದವನದಾದರೆ ಮೂರು ವರ್ಷ. ಕರಾರಿನ ಕೊನೆಯ ಆರು ತಿಂಗಳಲ್ಲಿ ಬೇರೆ ಕ್ಲಬ್ಬಿನೊಡನೆ ಒಪ್ಪಂದ ಮಾಡಿಕೊಳ್ಳಬಹುದು. ಎರಡು ತಿಂಗಳ ಪಗಾರ ಬಾಕಿ ಉಳಿದರೆ, 15 ದಿನಗಳ ಲಿಖಿತ ನೋಟೀಸು ಕೊಟ್ಟು, ಆಗಲೂ ಬಾಕಿ ಬಾರದಿದ್ದರೆ ಕರಾರಿನಿಂದ ಬಿಡಿಸಿಕೊಳ್ಳುವ ಹಕ್ಕು ಆಟಗಾರನಿಗಿದೆ. ಭಾರತದ ಆಟಗಾರರಿಗೆ 2006ರಲ್ಲಿ ಸ್ಥಾಪನೆಯಾದ ಒಂದು ಸಂಘವೂ ಇದೆ. ಸಂಘದ ಬೆಲೆ ಗಿರಣಿಯವರಿಗೆ ಹೇಳಿಕೊಡಬೇಕಾಗಿಲ್ಲ. ಇದರ ಜೊತೆಗೆ ರೈಲ್ವೆ, ಸೇನೆ, ಪೊಲೀಸು ಇಲಾಖೆಗಳು ಆಟಗಾರರಿಗೆ ನೌಕರಿ ಕೊಡುವುದುಂಟು. ಆದರೆ ಅಲ್ಲಿಯೂ ಶಾಲೆಯ ಪ್ರಮಾಣಪತ್ರ ಕೇಳುತ್ತಾರೆ. ಆದ್ದರಿಂದ ಮ್ಯಾಟ್ರಿಕ್ ಮುಗಿಸದೆ ಯಾವ ಹುಡುಗನೂ ಪುಸ್ತಕ ಕೆಳಗಿಡಬಾರದೆಂಬುದು ನಮ್ಮ ಅಭಿಪ್ರಾಯ. ದೊಡ್ಡ ಪಗಾರ ಬರುವ ನಾಲ್ಕು ವರ್ಷಗಳಲ್ಲಿ ಮುಂದಿನ ನಲವತ್ತು ವರ್ಷಗಳಿಗೆ ಏನಾದರೂ ತೆಗೆದಿಡುವುದನ್ನೂ ಅವನು ಮನೆಯಲ್ಲಿಯೇ ಕಲಿಯಬೇಕು.

ಕೊನೆಯದಾಗಿ ನಮ್ಮೆಲ್ಲರಿಗೆ ಸಂಬಂಧಿಸಿದ ಮಾತು. 2018ರ ಜೂನ್ 1ರಂದು ಅಂಧೇರಿಯಲ್ಲಿ ಚೀನೀ ತೈಪೆಯ ಮೇಲೆ ಭಾರತ 5-0ಯಿಂದ ಗೆದ್ದಿತು. ಛೇತ್ರಿಯವರದು ಮೂರು ಗೋಲು. ನೋಡಲು ಬಂದವರು ಎರಡೂವರೆ ಸಾವಿರದಷ್ಟು ಜನ. ಮರುದಿನ ಅವರು, ಬೈಯುವುದಾದರೂ ಮೈದಾನಕ್ಕೆ ಬಂದು ಬೈಯಿರಿ ಎಂದು ಜನರನ್ನು ಬೇಡಿಕೊಂಡರು. ಜೂನ್ 4ರಂದು ಅವರ ನೂರನೆಯ ಪಂದ್ಯ. ಟಿಕೀಟು ಒಂದೂ ಉಳಿಯಲಿಲ್ಲ. ಕೆನ್ಯಾದ ಮೇಲೆ ಭಾರತ 3-0ಯಿಂದ ಗೆದ್ದಿತು; ಎರಡು ಗೋಲು ಅವರವೇ. ಕ್ಲಬ್ಬು ಉಳಿಯುವುದು, ಪಗಾರ ನಡೆಯುವುದು ಶ್ರೀಮಂತರ ಹಣವೊಂದರಿಂದಲೇ ಅಲ್ಲ. ಗ್ಯಾಲರಿಯಲ್ಲಿ ಕೂತವರ ಟಿಕೀಟಿನ ಹಣವೂ ಅದಕ್ಕೆ ಸೇರುತ್ತದೆ. ನಮ್ಮ ಸುತ್ತಲಿನ ಮೈದಾನಗಳಲ್ಲಿ ಹುಡುಗರ ಪಂದ್ಯವಿದ್ದ ರವಿವಾರ, ಮನೆಯ ಕೆಲಸ ಮುಗಿಸಿ, ವಾಚಕ ಬಂಧುಗಳು ಒಂದು ತಾಸು ಅಲ್ಲಿ ಹೋಗಿ ನಿಂತರೆ ಆಡುವ ಹುಡುಗರಿಗೆ ಅದೂ ಒಂದು ಜಮೆಯೇ.