ಬೆಳಗ್ಗೆ ಏನಾದ್ರೂ ತಿಂದ್ರಾ?

ಆಪರೇಷನ್ ಥಿಯೇಟರಿನ ಬಾಗಿಲ ಹೊರಗೆ ಸ್ಟ್ರೆಚರ್ ಮೇಲೆ ಮಲಗಿದವರ ಬಳಿ ಹಸಿರು ಟೋಪಿಯ ವೈದ್ಯರೊಬ್ಬರು ಬಗ್ಗಿ ಕೇಳುತ್ತಾರೆ: "ಬೆಳಗ್ಗೆ ಏನಾದ್ರೂ ತಿಂದ್ರಾ?"

"ಏನಿಲ್ಲ ಡಾಕ್ಟ್ರೇ" ಎಂಬ ಉತ್ತರ ಥಟ್ಟನೆ ಬರುತ್ತದೆ. ಎರಡನೇ ಸಲ ಕೇಳಿದಾಗ ದನಿ ಸ್ವಲ್ಪ ಇಳಿಯುತ್ತದೆ. "ಬರೀ ಒಂದು ಲೋಟ ಕಾಫಿ, ಜತೆಗೆ ಎರಡೇ ಎರಡು ಇಡ್ಲಿ. ಶುಗರ್ ಇದೆಯಲ್ಲ, ತಲೆ ತಿರುಗೀತು ಅಂತ ಮನೇಲಿ ಕೊಟ್ರು." ಅಲ್ಲಿಗೆ ಅಂದಿನ ಆಪರೇಷನ್ ಮುಂದಕ್ಕೆ ಹೋಯಿತು. ಸರ್ಜನ್ನರಿಗೆ ಬೇಸರ, ಮನೆಯವರಿಗೆ ಸಿಟ್ಟು. ಎರಡು ಇಡ್ಲಿಗೆ ಇಷ್ಟು ರಂಪವೇ?

ರಂಪದ ಮೂಲ 1946ರಷ್ಟು ಹಳೆಯದು. ಆ ವರ್ಷ ನ್ಯೂಯಾರ್ಕಿನ ಹೆರಿಗೆ ವೈದ್ಯ ಕರ್ಟಿಸ್ ಮೆಂಡೆಲ್ಸನ್ ತಮ್ಮ ಆಸ್ಪತ್ರೆಯ 44,016 ಗರ್ಭಿಣಿಯರ ದಾಖಲೆಗಳನ್ನು ತಿರುವಿಹಾಕಿ ಒಂದು ಲೇಖನ ಬರೆದರು. ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದು, ಅಲ್ಲಿಂದ ಶ್ವಾಸಕೋಶಕ್ಕೆ ಇಳಿದದ್ದು ಅವರಲ್ಲಿ 66 ಮಂದಿಗೆ. ಎಚ್ಚರವಿರುವ ಮನುಷ್ಯನ ಗಂಟಲಿಗೆ ಒಂದು ಕಾವಲಿದೆ. ಒಂದು ಅಗುಳು ದಾರಿ ತಪ್ಪಿದರೂ ಕೆಮ್ಮಿ ಕಣ್ಣೀರು ಬರಿಸಿ ಹೊರಗೆ ಹಾಕುತ್ತದೆ. ಅರಿವಳಿಕೆ ಕೊಟ್ಟಾಗ ಆ ಕಾವಲುಗಾರನೂ ಮಲಗಿಬಿಡುತ್ತಾನೆ. ಜಠರದ ಆಮ್ಲ ಶ್ವಾಸಕೋಶವನ್ನು ಹೇಗೆ ಸುಡುತ್ತದೆಂದು ಮೆಂಡೆಲ್ಸನ್ ಮೊಲಗಳ ಮೇಲೆ ಪ್ರಯೋಗ ಮಾಡಿಯೂ ತೋರಿಸಿದರು. ಗಟ್ಟಿ ಆಹಾರ ತಿಂದು ಕನಿಷ್ಠ 6 ಗಂಟೆ, ಬರೀ ನೀರು ಕುಡಿದು 2 ಗಂಟೆ ಕಳೆದಿರಬೇಕು ಎಂಬುದು ಇವತ್ತಿನ ನಿಯಮ. ಹಾಲು ಬೆರೆಸಿದ ಕಾಫಿ, ನಮ್ಮವರು ಒಪ್ಪಲಿ ಬಿಡಲಿ, ಗಟ್ಟಿ ಆಹಾರದ ಲೆಕ್ಕಕ್ಕೇ ಸೇರುತ್ತದೆ.

ಅರಿವಳಿಕೆ ತಜ್ಞರ ಎಷ್ಟೋ ಅಭ್ಯಾಸಗಳ ಹಿಂದೆ ಹೀಗೊಂದು ಲೆಕ್ಕದ ಪುಸ್ತಕವಿದೆ. ತಮ್ಮ ಕೈಯಲ್ಲಿ ಸತ್ತವರನ್ನು ತಾವೇ ಎಣಿಸಿ, ಹೇಗೆ ಸತ್ತರೆಂದು ಬರೆದಿಟ್ಟು, ಮುಂದಿನವರಿಗೆ ಪಾಠ ಮಾಡಿದ್ದರಲ್ಲಿ ವೈದ್ಯಕೀಯದ ಬೇರೆ ಶಾಖೆಗಳಿಗಿಂತ ಈ ಶಾಖೆ ಒಂದು ಹೆಜ್ಜೆ ಮುಂದೆ.

ಎಣಿಕೆ ಶುರುವಾದದ್ದೂ ಬೇಗ. 1846ರ ಅಕ್ಟೋಬರ್ 16ರಂದು ಬೋಸ್ಟನ್ನಿನಲ್ಲಿ ವಿಲಿಯಂ ಮಾರ್ಟನ್ ಎಂಬ ದಂತವೈದ್ಯ ಈಥರ್ ಮೂಸಿಸಿ, ನೋವಿಲ್ಲದ ಶಸ್ತ್ರಚಿಕಿತ್ಸೆಯನ್ನು ನಾಲ್ಕು ಜನರ ಮುಂದೆ ಸಾಧಿಸಿ ತೋರಿಸಿದ. ಒಂದೂಕಾಲು ವರ್ಷ ಕಳೆಯುವಷ್ಟರಲ್ಲಿ, 1848ರ ಜನವರಿಯಲ್ಲಿ, ಇಂಗ್ಲೆಂಡಿನ ನ್ಯೂಕಾಸಲ್ ಬಳಿ ಹ್ಯಾನಾ ಗ್ರೀನರ್ ಎಂಬ 15ರ ಹುಡುಗಿ ಕ್ಲೋರೋಫಾರ್ಮ್ ಮೂಸಿದ ಕೆಲವೇ ನಿಮಿಷಗಳಲ್ಲಿ ತೀರಿಕೊಂಡಳು. ಆಗಬೇಕಿದ್ದ ಆಪರೇಷನ್ ಕಾಲಿನ ಉಗುರು ತೆಗೆಯುವುದು, ಅಷ್ಟೇ.

ಕ್ಲೋರೋಫಾರ್ಮ್ ಕೊಲ್ಲುವುದು ಉಸಿರು ನಿಲ್ಲಿಸಿಯೋ, ಹೃದಯ ನಿಲ್ಲಿಸಿಯೋ? ಈ ಜಗಳ ನಲವತ್ತು ವರ್ಷ ನಡೆದು, ಕೊನೆಗೆ ನಮ್ಮ ಪಕ್ಕದ ಹೈದರಾಬಾದಿಗೇ ಬಂತು. ಕಲಬುರಗಿ, ರಾಯಚೂರು, ಬೀದರ್ ಆಗ ಅದೇ ಸಂಸ್ಥಾನದಲ್ಲಿದ್ದವು. ಅಲ್ಲಿನ ವೈದ್ಯಶಾಲೆಯ ಮುಖ್ಯಸ್ಥ ಎಡ್ವರ್ಡ್ ಲಾರಿಗೆ ಉಸಿರಿನ ಪಕ್ಷವೇ ಸರಿ ಎಂಬ ಅಚಲ ನಂಬಿಕೆ. ನಿಜಾಮರು ಹಣ ಕೊಟ್ಟರು. 1888ರಲ್ಲಿ ಮೊದಲ ಕ್ಲೋರೋಫಾರ್ಮ್ ಆಯೋಗ ಕೂತಿತು. ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಅದರ ತೀರ್ಮಾನಕ್ಕೆ ಮೂಗು ಮುರಿದಾಗ, ನಿಮ್ಮವರನ್ನೇ ಕಳಿಸಿ, ಖರ್ಚು ನಮ್ಮದು ಎಂದರು ನಿಜಾಮರು. ಹಾಗೆ 1889ರಲ್ಲಿ ಲಾಡರ್ ಬ್ರಂಟನ್ ಎಂಬ ಹೆಸರಾಂತ ಔಷಧಶಾಸ್ತ್ರಜ್ಞ ಹಡಗು ಹತ್ತಿ ಬಂದ. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಉಸಿರೇ ಮೊದಲು ನಿಲ್ಲುವುದು, ಉಸಿರನ್ನು ಕಾದರೆ ಸಾಕು ಎಂದು ಎರಡನೇ ಆಯೋಗವೂ ಹೇಳಿತು. ಇಂಗ್ಲೆಂಡಿನ ಗುಡ್‌ಮನ್ ಲೆವಿ 1911ರಲ್ಲಿ ಬೆಕ್ಕುಗಳ ಮೇಲಿನ ಪ್ರಯೋಗದಿಂದ ಅದನ್ನು ಬುಡಮೇಲು ಮಾಡಿದ: ಅರೆಮಂಪರಿನಲ್ಲಿರುವಾಗ ಕ್ಲೋರೋಫಾರ್ಮ್ ಹೃದಯದ ತಾಳವನ್ನೇ ಕೆಡಿಸಿ ಥಟ್ಟನೆ ಕೊಲ್ಲಬಲ್ಲದು. ಹೈದರಾಬಾದಿನ ಉತ್ತರ ತಪ್ಪಾಗಿತ್ತು. ಆದರೆ ಒಂದು ಔಷಧದ ಸುರಕ್ಷತೆಯನ್ನು ಸಂಸ್ಥಾನದ ಬೊಕ್ಕಸದಿಂದ ಹಣ ಕೊಟ್ಟು ಪರೀಕ್ಷಿಸಿದ ಉದಾಹರಣೆಗಳು ಆ ಕಾಲದಲ್ಲಿ ಎಷ್ಟಿದ್ದಾವು?

ಮುಂದಿನ ದೊಡ್ಡ ಲೆಕ್ಕ ಅಮೆರಿಕದ್ದು. ಬೀಚರ್ ಮತ್ತು ಟಾಡ್ ಎಂಬಿಬ್ಬರು ಹತ್ತು ಆಸ್ಪತ್ರೆಗಳ ಸುಮಾರು 6 ಲಕ್ಷ ಅರಿವಳಿಕೆಗಳನ್ನು ಐದು ವರ್ಷ ಹಿಂಬಾಲಿಸಿ, 1954ರಲ್ಲಿ ವರದಿ ಕೊಟ್ಟರು. ಪ್ರತಿ 1,560 ಮಂದಿಯಲ್ಲಿ ಒಬ್ಬರ ಸಾವಿನಲ್ಲಿ ಅರಿವಳಿಕೆಯ ಪಾತ್ರವಿತ್ತು. ಆದರೂ ಮರಣದ ಲೆಕ್ಕಕ್ಕೆ ಒಂದು ಮಿತಿಯಿದೆ. ಸತ್ತವರನ್ನು ಅದು ಎಣಿಸುತ್ತದೆ, ಕೂದಲೆಳೆಯಲ್ಲಿ ಉಳಿದವರನ್ನು ಎಣಿಸುವುದಿಲ್ಲ.

ಆ ಕೂದಲೆಳೆಯನ್ನು ಹಿಡಿದು ಜಗ್ಗಿದವನು ವೈದ್ಯನಲ್ಲ, ಎಂಜಿನಿಯರ್. ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಯಂತ್ರಗಳ ಕೆಲಸಕ್ಕಿದ್ದ ಜೆಫ್ರಿ ಕೂಪರ್ ಯಂತ್ರ ಬಿಟ್ಟು ಮನುಷ್ಯರನ್ನು ಮಾತಾಡಿಸಲು ಹೊರಟ. ಅಪಘಾತ ಆಗಿಯೇಬಿಡುತ್ತಿತ್ತು ಎಂಬಂಥ ಗಳಿಗೆಗಳನ್ನು ಪೈಲಟ್‌ಗಳ ಬಾಯಿಂದ ಕೇಳಿ ಬರೆದುಕೊಳ್ಳುವ ವಿಧಾನವೊಂದು ಮೊದಲೇ ಇತ್ತು. ಅದನ್ನೇ ಅರಿವಳಿಕೆ ವೈದ್ಯರಿಗೆ ಹೂಡಿದ. ಹೆಸರು ಬರೆಯುವುದಿಲ್ಲ, ದೂರು ಕೊಡುವುದಿಲ್ಲ, ನಡೆದದ್ದು ಹೇಳಿ ಸಾಕು. 1978ರಲ್ಲಿ ಪ್ರಕಟವಾದ ಅವನ ಲೇಖನದಲ್ಲಿ ತಪ್ಪಿಸಬಹುದಾಗಿದ್ದ 359 ಘಟನೆಗಳಿದ್ದವು. ಯಂತ್ರ ಕೆಟ್ಟದ್ದು ನೂರಕ್ಕೆ 14ರಲ್ಲಿ ಮಾತ್ರ. 82ರಲ್ಲಿ ಎಡವಿದ್ದು ಮನುಷ್ಯ. ಉಸಿರಿನ ಕೊಳವೆ ಕಳಚಿಕೊಂಡಿತ್ತು, ಯಾರೂ ನೋಡಿರಲಿಲ್ಲ. ಒಂದು ಸಿರಿಂಜ್ ಬದಲು ಇನ್ನೊಂದನ್ನು ಚುಚ್ಚಲಾಗಿತ್ತು. ಗ್ಯಾಸಿನ ಗುಬ್ಬಿಯನ್ನು ತಿರುಗಿಸಬಾರದ ಕಡೆ ತಿರುಗಿಸಲಾಗಿತ್ತು.

ಇಲ್ಲಿ ಕೂಪರ್ ಕೇಳಿದ ಇನ್ನೊಂದು ಪ್ರಶ್ನೆಯೇ ಮುಖ್ಯ: ಮನುಷ್ಯ ಏಕೆ ಎಡವಿದ? ಅನುಭವ ಸಾಲದು, ಆ ಯಂತ್ರದ ಪರಿಚಯವಿಲ್ಲ, ಒಬ್ಬರ ಮಾತು ಇನ್ನೊಬ್ಬರಿಗೆ ತಲುಪಲಿಲ್ಲ, ಅವಸರ, ದಣಿವು. ಆ ಕಾಲದ ಕೆಲವು ಯಂತ್ರಗಳಲ್ಲಿ ಗುಬ್ಬಿಯನ್ನು ಬಲಕ್ಕೆ ತಿರುಗಿಸಿದರೆ ಗ್ಯಾಸ್ ಹೆಚ್ಚು, ಇನ್ನು ಕೆಲವದರಲ್ಲಿ ಕಡಿಮೆ. ನಡುರಾತ್ರಿ ಬೇರೆ ಥಿಯೇಟರಿಗೆ ಓಡಿಹೋದ ವೈದ್ಯನ ಕೈ ತಪ್ಪುವುದರಲ್ಲಿ ಆಶ್ಚರ್ಯವೇನು? ಆಕ್ಸಿಜನ್ ಸಿಲಿಂಡರಿನ ಜಾಗದಲ್ಲಿ ನೈಟ್ರಸ್ ಆಕ್ಸೈಡ್ ಸಿಲಿಂಡರ್ ಕೂರಲೇಬಾರದೆಂದು ಒಂದೊಂದು ಗ್ಯಾಸಿಗೂ ಪಿನ್ನುಗಳ ಜಾಗವನ್ನು ಬೇರೆ ಬೇರೆ ಮಾಡಿದ್ದು 1950ರ ದಶಕದಲ್ಲೇ. ಜಾಗರೂಕರಾಗಿರಿ ಎಂದು ಗೋಡೆಗೆ ಬೋರ್ಡು ಹಾಕುವ ಬದಲು, ತಪ್ಪು ಮಾಡಹೊರಟರೂ ಆಗದಂತೆ ಮಾಡುವ ಆ ಜಾಣತನ ಇಡೀ ಕೋಣೆಗೆ ಹಬ್ಬಬೇಕಿತ್ತು.

ಹಬ್ಬಲು ಒಂದು ಏಟು ಬೇಕಾಯಿತು. 1982ರ ಏಪ್ರಿಲ್‌ನಲ್ಲಿ ಅಮೆರಿಕದ ಎಬಿಸಿ ಟಿವಿ ಅರಿವಳಿಕೆಯ ದುರಂತಗಳ ಬಗ್ಗೆ ಕಾರ್ಯಕ್ರಮವೊಂದನ್ನು ಬಿತ್ತರಿಸಿತು. ಜನ ಹೆದರಿದರು. ವೈದ್ಯರ ಸಂಘ ಟಿವಿಯವರನ್ನು ಬೈಯುತ್ತಾ ಕೂರಬಹುದಿತ್ತು. ಆದರೆ ಅದರ ಮುಂದಾಳು ಎಲಿಸನ್ ಪಿಯರ್ಸ್ 1985ರಲ್ಲಿ ಅರಿವಳಿಕೆ ರೋಗಿಗಳ ಸುರಕ್ಷತೆಗೆಂದೇ ಒಂದು ಪ್ರತಿಷ್ಠಾನ ಕಟ್ಟಿದರು. ಅದೇ ಹೊತ್ತಿಗೆ ಹಾರ್ವರ್ಡ್‌ನ ಆಸ್ಪತ್ರೆಗಳು ತಮ್ಮ ವೈದ್ಯರಿಗೆ ಕನಿಷ್ಠ ನಿಯಮಗಳನ್ನು ಬರೆದವು. ಮೊದಲ ನಿಯಮ: ಆಪರೇಷನ್ ಮುಗಿಯುವವರೆಗೆ ಅರಿವಳಿಕೆ ಕೊಟ್ಟವರು ಕೋಣೆಯಲ್ಲೇ ಇರಬೇಕು. ಇದನ್ನೂ ಬರೆದು ಹೇಳಬೇಕಾಗಿತ್ತೇ ಎಂದು ಇವತ್ತು ನಗು ಬರಬಹುದು. ಬರೆಯಬೇಕಾಗಿತ್ತು, ಅದಕ್ಕೇ ಬರೆದರು.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಬಂದದ್ದೂ ಇದೇ ಕಾಲಕ್ಕೆ. ಕೋವಿಡ್ ದಿನಗಳಲ್ಲಿ ಮನೆಮನೆಯ ಥರ್ಮಾಮೀಟರಿನ ಪಕ್ಕ ಬಂದು ಕೂತ ಆ ಪುಟ್ಟ ಕ್ಲಿಪ್ಪಿನ ಹಿಂದಿನ ಯೋಚನೆ ಜಪಾನಿನ ಎಂಜಿನಿಯರ್ ತಕುವೊ ಅಯೋಯಾಗಿಯದು, 1970ರ ದಶಕದ ಮೊದಲರ್ಧದ್ದು. ತುಟಿ ನೀಲಿಯಾಗುವವರೆಗೆ ಕಾಯಬೇಕಿದ್ದ ವೈದ್ಯರಿಗೆ ಅದಕ್ಕೂ ಮೊದಲೇ ರಕ್ತದ ಆಕ್ಸಿಜನ್ ಇಳಿಯುತ್ತಿದೆ ಎಂದು ಅದು ಕೂಗಿ ಹೇಳತೊಡಗಿತು. 1980ರ ದಶಕದ ಆರಂಭದಲ್ಲಿ ಹತ್ತು ಸಾವಿರಕ್ಕೆ 2 ಇದ್ದ ಅರಿವಳಿಕೆಯ ಸಾವು ಎರಡು-ಮೂರು ಲಕ್ಷಕ್ಕೆ ಒಂದಕ್ಕೆ ಇಳಿದಿದೆ ಎಂದು ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ ಬೆನ್ನು ತಟ್ಟಿತು. ಆ ಅಂಕಿ ತೀರಾ ಉದಾರ ಎಂದು ತಕರಾರು ತೆಗೆದವರೂ ಅದೇ ಶಾಖೆಯೊಳಗೆ ಇದ್ದರು. ಇಳಿದದ್ದಂತೂ ನಿಜ.

ಯಂತ್ರಗಳೆಲ್ಲ ಇದ್ದೂ ಎಡವಿದ ಕತೆ 2005ರದು. ಇಂಗ್ಲೆಂಡಿನ ಎಲೇನ್ ಬ್ರಾಮಿಲಿ ಎಂಬ ತಾಯಿ ಮೂಗಿನ ಪಕ್ಕದ ಸೈನಸ್ ಆಪರೇಷನ್ನಿಗೆ ದಾಖಲಾಗಿದ್ದರು. ಅರಿವಳಿಕೆ ಕೊಟ್ಟೊಡನೆ ಗಂಟಲ ದಾರಿ ಮುಚ್ಚಿಕೊಂಡಿತು. ಕೊಳವೆ ಹೋಗಲಿಲ್ಲ, ಮಾಸ್ಕಿನಿಂದ ಗಾಳಿಯೂ ಒಳಗಿಳಿಯಲಿಲ್ಲ. ಕೋಣೆಯಲ್ಲಿ ಮೂವರು ಅನುಭವಿ ವೈದ್ಯರು, ಬೇಕಾದ ಸಾಮಗ್ರಿ ಎಲ್ಲ. ಇಂಥ ಹೊತ್ತಿನಲ್ಲಿ ಕುತ್ತಿಗೆಯ ಮುಂಭಾಗದಲ್ಲಿ ತೂತು ಮಾಡಿ ಉಸಿರು ಕೊಡಬೇಕು ಎಂಬುದು ಪುಸ್ತಕದಲ್ಲಿದೆ. ಒಬ್ಬ ನರ್ಸ್ ಅದರ ಕಿಟ್ ತಂದು, ಇಲ್ಲಿದೆ ಎಂದು ಹೇಳಿಯೂ ಹೇಳಿದರು. ಇನ್ನೊಬ್ಬರು ಐಸಿಯುಗೆ ಫೋನ್ ಮಾಡಿ ಹಾಸಿಗೆ ಹೇಳಿಟ್ಟರು. ತಾನೇನೋ ಅತಿ ಮಾಡಿದೆ ಅನ್ನಿಸಿ ಬೇಡವೆಂದರು. ವೈದ್ಯರು ಮತ್ತೆ ಮತ್ತೆ ಕೊಳವೆ ತೂರಿಸುತ್ತಲೇ ಇದ್ದರು. ಗಡಿಯಾರ ಓಡುತ್ತಿದ್ದುದು ಅವರ ಗಮನಕ್ಕೇ ಬರಲಿಲ್ಲ. ಎಲೇನ್‌ಗೆ ಮತ್ತೆ ಎಚ್ಚರವಾಗಲಿಲ್ಲ. 13 ದಿನಗಳ ನಂತರ ತೀರಿಕೊಂಡರು.

ಅವರ ಗಂಡ ಮಾರ್ಟಿನ್ ಬ್ರಾಮಿಲಿ ವಿಮಾನದ ಪೈಲಟ್. ಯಾರ ತಪ್ಪು ಎಂದು ಕೇಳುವುದನ್ನು ಬಿಟ್ಟು, ಗೊತ್ತಿದ್ದವರೂ ಏಕೆ ಮಾಡಲಿಲ್ಲ ಎಂದು ಅವರು ಕೇಳಿದರು. ಅವರ ವೃತ್ತಿ ಆ ಪಾಠವನ್ನು ದೊಡ್ಡ ಬೆಲೆಗೆ ಕಲಿತಿತ್ತು. 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇ ಮೇಲೆಯೇ ಡಿಕ್ಕಿ ಹೊಡೆದು 583 ಮಂದಿ ಸತ್ತಾಗ, ಕಿರಿಯ ಸಿಬ್ಬಂದಿಗೆ ಅನುಮಾನ ಬಂದಿತ್ತು. ಹಿರಿಯ ಕ್ಯಾಪ್ಟನ್ ಎದುರು ಅದು ಗಟ್ಟಿ ದನಿಯಾಗಲಿಲ್ಲ. ಅಲ್ಲಿಂದಾಚೆ ಪೈಲಟ್‌ಗಳ ತರಬೇತಿಯಲ್ಲಿ ಮಾತಾಡುವುದನ್ನೂ ಒಂದು ವಿದ್ಯೆಯಾಗಿ ಕಲಿಸತೊಡಗಿದರು. ಸ್ಟ್ಯಾನ್‌ಫರ್ಡ್‌ನ ಡೇವಿಡ್ ಗಾಬಾ ಅದನ್ನು ಥಿಯೇಟರಿಗೆ ತಂದಿದ್ದರು. ಉಸಿರಾಡುವ ಗೊಂಬೆ, ಏರಿಳಿಯುವ ಬಿಪಿ, ಸುತ್ತ ನಿಜವಾದ ತಂಡ. ಗೊಂಬೆ 'ಸಾಯುತ್ತದೆ', ಆಮೇಲೆ ಎಲ್ಲರೂ ಕೂತು ವಿಡಿಯೊ ನೋಡಿ, ಯಾರು ಯಾವಾಗ ಬಾಯಿ ಬಿಡಬೇಕಿತ್ತೆಂದು ಚರ್ಚಿಸುತ್ತಾರೆ.

ನಮ್ಮಲ್ಲಿ ಇದು ಕಷ್ಟದ ವಿದ್ಯೆ. ಪಿಜಿ ವಿದ್ಯಾರ್ಥಿ ಹಿರಿಯರಿಗೆ "ಸರ್, ಈಗ ಸಾಕು, ಕುತ್ತಿಗೆಗೆ ಹೋಗೋಣ" ಎನ್ನಬೇಕು. ಥಿಯೇಟರಿನ ನರ್ಸ್ ಅಕ್ಕ ಕಿಟ್ಟನ್ನು ಬರೀ ತಂದಿಡದೆ ಸರ್ಜನ್ನರ ಕೈಗೇ ಹಿಡಿಸಬೇಕು. 'ಸರ್' ಎಂಬ ಪದ ಬಂದ ಮೇಲೆ ಅರ್ಧ ವಾಕ್ಯ ಗಂಟಲಲ್ಲೇ ಉಳಿಯುವುದು ನಮ್ಮ ಆಸ್ಪತ್ರೆಗಳಲ್ಲಿ ಮಾತ್ರವಲ್ಲ, ಕಚೇರಿಗಳಲ್ಲೂ ಉಂಟು.

ಭಾರತದಲ್ಲಿ ಎಂಬಿಬಿಎಸ್ ಮುಗಿಸಿ ಮೂರು ವರ್ಷ ಎಂಡಿ ಓದಿದರೆ ಅರಿವಳಿಕೆ ತಜ್ಞ. ಈಗ ಅದರಲ್ಲಿ ಮೂರು ತಿಂಗಳನ್ನು ಜಿಲ್ಲಾ ಆಸ್ಪತ್ರೆಯಲ್ಲಿ ಕಳೆಯಬೇಕೆಂಬ ನಿಯಮವೂ ಇದೆ. ಆದರೆ ತಾಲ್ಲೂಕಿನ ಕತೆಯೇ ಬೇರೆ. ಸಿಸೇರಿಯನ್ ಮಾಡಬಲ್ಲ ಡಾಕ್ಟರಿದ್ದಾರೆ, ಬೆನ್ನಿಗೆ ಸೂಜಿ ಹಾಕುವವರಿಲ್ಲ. ನೋವು ತಿನ್ನುತ್ತಿರುವ ಬಸುರಿ ಆಂಬುಲೆನ್ಸಿನಲ್ಲಿ. ಇದಕ್ಕೆಂದು ಗ್ರಾಮೀಣ ಆರೋಗ್ಯ ಅಭಿಯಾನದಡಿ ಎಂಬಿಬಿಎಸ್ ವೈದ್ಯರಿಗೆ ತುರ್ತು ಹೆರಿಗೆಗೆ ಬೇಕಾದಷ್ಟು ಅರಿವಳಿಕೆ ಕಲಿಸುವ 18 ವಾರಗಳ ತರಬೇತಿ ಬಂತು. ಮೂರು ವರ್ಷದ ವಿದ್ಯೆ 18 ವಾರಕ್ಕೆ ಬಂದೀತೇ ಎಂಬುದು ಸಹಜ ಆಕ್ಷೇಪ. ಆದರೆ ಆ ಹೆಣ್ಣುಮಗಳ ಎದುರಿಗಿರುವ ಆಯ್ಕೆ ಎಂಡಿ ಡಾಕ್ಟರೋ ಈ ಡಾಕ್ಟರೋ ಎಂಬುದಲ್ಲ. ಈ ಡಾಕ್ಟರೋ, ಐವತ್ತು ಮೈಲಿ ರಸ್ತೆಯೋ ಎಂಬುದು. ಸೂಜಿ ಹಾಕುವುದನ್ನು 18 ವಾರದಲ್ಲಿ ಕಲಿಯಬಹುದು. ಮದ್ದು ಎದೆಯ ಮೇಲಕ್ಕೇರಿ ಉಸಿರು ಸೋತಾಗ ಏನು ಮಾಡಬೇಕೆಂಬುದು ಅಪರೂಪಕ್ಕೆ ಬರುವ ಗಳಿಗೆ. ಅದನ್ನು ಆಗಾಗ ಗೊಂಬೆಯ ಮೇಲೆ ಆಡಿ ನೋಡದಿದ್ದರೆ ಕೈ ಮರೆಯುತ್ತದೆ. ತರಬೇತಿಯ ಮಟ್ಟದ ಚರ್ಚೆ ವಾರಗಳ ಲೆಕ್ಕದಲ್ಲೇ ಸಿಕ್ಕಿಹಾಕಿಕೊಂಡರೆ ಈ ಮಾತು ಹಿಂದೆ ಬೀಳುತ್ತದೆ.

ಬ್ರಿಟನ್ನಿನವರು ಎಣಿಕೆಯನ್ನು ಬಿಟ್ಟಿಲ್ಲ. ಒಂದೊಂದು ಸಲ ಒಂದೊಂದು ತೊಡಕನ್ನು ಹಿಡಿದು, ದೇಶದ ಸರ್ಕಾರಿ ಆಸ್ಪತ್ರೆಗಳಿಂದೆಲ್ಲ ವರದಿ ತರಿಸುತ್ತಾರೆ. ಉಸಿರಿನ ದಾರಿಯ ಅನಾಹುತಗಳನ್ನು ಹಿಡಿದ 2011ರ ವರದಿಯಲ್ಲಿ ಕಣ್ಣಿಗೆ ಹೊಡೆದದ್ದು ಕ್ಯಾಪ್ನೋಗ್ರಾಫ್. ಬಿಟ್ಟ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಇದೆಯೇ ಎಂದು ತೆರೆಯ ಮೇಲೆ ಅಲೆಯಾಗಿ ತೋರಿಸುವ ಯಂತ್ರ ಅದು. ಅಲೆ ಇಲ್ಲವೆಂದರೆ ಕೊಳವೆ ಅನ್ನನಾಳಕ್ಕೆ ಹೋಗಿದೆ ಎಂದೇ ಮೊದಲು ಎಣಿಸಬೇಕು. ಐಸಿಯುಗಳಲ್ಲಿ ಸತ್ತವರು ಅಥವಾ ಮಿದುಳಿಗೆ ಪೆಟ್ಟಾದವರ ಪೈಕಿ ನೂರಕ್ಕೆ 74 ಪ್ರಕರಣಗಳಲ್ಲಿ ಅದನ್ನು ಬಳಸದಿದ್ದುದೂ ಒಂದು ಕಾರಣವಾಗಿತ್ತು.

ನಮ್ಮ ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ ಸಂಘವೂ 2016ರಲ್ಲಿ ಇಲ್ಲಿನ ಪರಿಸ್ಥಿತಿಗೆ ಹೊಂದುವ ಮಾರ್ಗಸೂಚಿ ತಂದಿದೆ. ಅದರಲ್ಲೊಂದು ಸಣ್ಣ ಕಾಗದವಿದೆ. ಯಾರ ಗಂಟಲಿಗೆ ಕೊಳವೆ ಹಾಕುವುದು ಕಷ್ಟವಾಯಿತೋ ಅವರಿಗೆ, ಎಲ್ಲಿ ಕಷ್ಟವಾಯಿತು, ಕೊನೆಗೆ ಯಾವುದರಿಂದ ಸಾಧ್ಯವಾಯಿತು ಎಂದು ಬರೆದು ಕೊಡಬೇಕಾದ ಎಚ್ಚರಿಕೆಯ ಹಾಳೆ. ಡಿಸ್ಚಾರ್ಜ್ ದಿನ ಔಷಧಿ ಚೀಟಿ, ಬಿಲ್ಲು, ಸ್ಕ್ಯಾನಿಂಗ್ ಕವರುಗಳ ನಡುವೆ ಅದೂ ಮನೆಗೆ ಬರುತ್ತದೆ. ಹತ್ತು ವರ್ಷದ ನಂತರ ಬೇರೆ ಊರಿನ ಬೇರೆ ಥಿಯೇಟರಿನ ಬಾಗಿಲಲ್ಲಿ ಇನ್ನೊಬ್ಬ ವೈದ್ಯರು ಬಗ್ಗಿ, ತಿಂದದ್ದರ ಬಗ್ಗೆ ಕೇಳಿ, ಬಾಯಿ ಅಗಲ ತೆಗೆಸಿ, "ಹಿಂದೆ ಆಪರೇಷನ್ ಆದಾಗ ಏನಾದ್ರೂ ತೊಂದ್ರೆ ಆಗಿತ್ತಾ?" ಎನ್ನುತ್ತಾರೆ. ಹಾಳೆ ಬೀರುವಿನಲ್ಲಿರುತ್ತದೆ, ಸ್ಟ್ರೆಚರ್ ಇಲ್ಲಿರುತ್ತದೆ.